ಪರ್ಷಿಯಾದ ಪ್ರಾಣಿಮುಖದ ಚಿನ್ನ: ಮೊದಲು ಲಂಡನ್, ಆಮೇಲೆ ಪ್ಯಾರಿಸ್

ಪ್ರಾಚೀನ ಪರ್ಷಿಯಾವನ್ನು ಆಳಿದ ಅಕೇಮೆನಿಡ್ ಅರಸರ ಕಾಲದ (ಕ್ರಿ.ಪೂ. 550–330) ಪ್ರಾಣಿಮುಖದ ಒಡವೆ ನೋಡಲೆಂದೇ ಹೊರಡುವವರು ಲಂಡನ್‌ನಲ್ಲಿ ಇಳಿದು ಪ್ಯಾರಿಸ್‌ನಿಂದ ಮರಳುವ ಟಿಕೆಟ್ ಕೊಳ್ಳಿ. ಲಂಡನ್ನಿನ ತೋಳಬಂದಿಯಲ್ಲಿ ಕಲ್ಲು ಉದುರಿಹೋಗಿವೆ, ಪ್ಯಾರಿಸ್ಸಿನ ಕಡಗಗಳಲ್ಲಿ ಉಳಿದಿವೆ. ಖಾಲಿ ಕುಳಿ ನೋಡಿ ಹೋದರೆ ತುಂಬಿದ ಕುಳಿಯ ಬೆಲೆ ಗೊತ್ತಾಗುತ್ತದೆ. ಬ್ರಿಟನ್ ವೀಸಾ, ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾ ಬೇರೆಬೇರೆ. ಒಂದರಲ್ಲಿ ಇನ್ನೊಂದು ನಡೆಯದು.

ಬ್ರಿಟಿಷ್ ಮ್ಯೂಸಿಯಂಗೆ ಪ್ರವೇಶ ಉಚಿತ. ಆ ತೋಳಬಂದಿ ಸೇರಿರುವ ಆಕ್ಸಸ್ ನಿಧಿ, ಅಂದರೆ ಆಕ್ಸಸ್ (ಅಮು ದರಿಯಾ) ನದಿಯ ಬಳಿ ಸಿಕ್ಕಿತೆನ್ನುವ ಚಿನ್ನ, ಬೆಳ್ಳಿಯ ವಸ್ತುಗಳ ರಾಶಿ, ಇರುವುದು ಮೇಲಿನ ಮಹಡಿಯ 52ನೇ ಕೋಣೆಯಲ್ಲಿ. ಶುಕ್ರವಾರ ರಾತ್ರಿ 8:30ರವರೆಗೆ ತೆರೆದಿರುತ್ತದೆ, ಸಂಜೆ ಜನ ಕಡಿಮೆ. ತೋಳಬಂದಿಯ ಎರಡು ತುದಿಗೂ ಕೊಂಬು, ರೆಕ್ಕೆಗಳ ಗ್ರಿಫಿನ್, ಅಂದರೆ ಹದ್ದು ಮತ್ತು ಸಿಂಹ ಬೆರೆತ ಕಲ್ಪಿತ ಪ್ರಾಣಿ. ಮುಂಭಾಗವಷ್ಟೇ ನೋಡಿ ಮುಂದೆ ಸಾಗಬೇಡಿ, ಪಕ್ಕಕ್ಕೆ ಸರಿದು ರೆಕ್ಕೆಯ ಮೇಲಿನ ಸಣ್ಣ ಕುಳಿಗಳನ್ನು ನೋಡಿ. ಅಲ್ಲಿ ಬಣ್ಣದ ಕಲ್ಲು ಅಥವಾ ಗಾಜು ಕೂರಿಸಿದ್ದರು. ನಮ್ಮ ಕುಂದಣದ ಕೆಲಸ ಕಂಡವರಿಗೆ ಇದರ ಲೆಕ್ಕ ಬೇಗ ಸಿಗುತ್ತದೆ. ಇದರ ಜೋಡಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. ಅಂಥ ವಸ್ತುಗಳು ಎರವಲಾಗಿ ಬೇರೆಡೆ ಹೋಗುವುದುಂಟು, ಆದ್ದರಿಂದ ಎಲ್ಲಿದೆ ಎಂದು ಅವರ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. 18.8 ಸೆಂ.ಮೀ. ಉದ್ದದ, ನಾಲ್ಕು ಕುದುರೆಯ ಚಿನ್ನದ ರಥವನ್ನೂ ಬಿಡಬೇಡಿ.

ಒಂದು ಎಚ್ಚರ: ಈ ನಿಧಿ ಉತ್ಖನನದಲ್ಲಿ ಸಿಕ್ಕಿದ್ದಲ್ಲ. 1880ರ ಸುಮಾರಿಗೆ ವ್ಯಾಪಾರಿಗಳ ಕೈಯಲ್ಲಿ ರಾವಲ್ಪಿಂಡಿ ಪೇಟೆಗೆ ಬಂದದ್ದು. ಹಾಗಾಗಿ ಯಾವುದು ಯಾವುದರ ಜೊತೆಗಿತ್ತೆಂಬ ದಾಖಲೆಯಿಲ್ಲ.

ಗಾಲಿಯ ಸೂಟ್‌ಕೇಸ್‌ ಇದ್ದರೆ ಮ್ಯೂಸಿಯಂ ಒಳಗೆ ಬಿಡುವುದಿಲ್ಲ. ಅಂದೇ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ರೈಲು ಹತ್ತುವವರು ಅದನ್ನು ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಲಗೇಜ್ ಕೋಣೆಯಲ್ಲಿಟ್ಟು ಬರಲಿ. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಆಗುವುದರಿಂದ ರೈಲಿಗೆ ಒಂದೂವರೆ ಗಂಟೆ ಮೊದಲೇ ಹೋಗಬೇಕು.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. ಜನಜಂಗುಳಿ ಮೋನಾಲಿಸಾ ಕಡೆ ನುಗ್ಗುತ್ತದೆ, ನೀವು ಸುಲ್ಲಿ ವಿಭಾಗದ ಇರಾನ್ ಕೋಣೆಗಳಿಗೆ ಹೋಗಿ. ಇರಾನಿನ ಪ್ರಾಚೀನ ನಗರ ಸೂಸಾದಲ್ಲಿ 1901ರಲ್ಲಿ ಫ್ರೆಂಚ್ ಪುರಾತತ್ವಜ್ಞ ಜಾಕ್ ದ ಮೋರ್ಗನ್ ತಂಡ ಅಗೆದ ಸಮಾಧಿಯ ಕಂಚಿನ ಶವಪೆಟ್ಟಿಗೆಯಿಂದ ಬಂದ ಸಿಂಹಮುಖದ ಕಡಗಗಳು ಅಲ್ಲಿವೆ. ನೀಲಿ ಲಾಜವರ್ದ (ಲ್ಯಾಪಿಸ್ ಲಾಜುಲಿ) ಮತ್ತು ಫಿರೋಜಾ (ಟರ್ಕಾಯಿಸ್) ಕಲ್ಲು ಕೂರಿಸಿದ ಕೆಲಸ. ಜೊತೆಗೆ ಸಿಕ್ಕ ನಾಣ್ಯಗಳಿಂದ ಸಮಾಧಿಯ ಕಾಲ ಕ್ರಿ.ಪೂ. 350–332ರ ಆಸುಪಾಸು ಎಂದು ತಿಳಿದಿದೆ. ಗಾಜಿನ ಪ್ರತಿಬಿಂಬ ತಪ್ಪಿಸಲು ಕಡುಬಣ್ಣದ ಅಂಗಿ ತೊಡಿ, ಫ್ಲಾಶ್ ಬೇಡ. ಯಾವ ಕೋಣೆ ಯಾವ ದಿನ ಮುಚ್ಚಿರುತ್ತದೆಂಬ ಪಟ್ಟಿಯನ್ನು ಲೂವ್ರ್ ಪ್ರಕಟಿಸುತ್ತದೆ. ಅದನ್ನು ನೋಡಿದ ಮೇಲಷ್ಟೇ ಟಿಕೆಟ್ಟಿಗೆ ದುಡ್ಡು ಕಟ್ಟಿ.