ರೆಪ್ಪೆ ಮೇಲಿನ ಕೆಂಪು ಮಚ್ಚೆಗೆ ಬಾಣಂತನ ಮುಗಿಯೋವರೆಗೆ ಕಾಯಬೇಡಿ

ಮಂಡ್ಯದಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುವುದು ನನ್ನ ಕೆಲಸ. ತಾಯಂದಿರು ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. ನಾಮಕರಣದ ದಿನ ರೆಪ್ಪೆ ಮೇಲೆ ಸೊಳ್ಳೆ ಕಚ್ಚಿದಷ್ಟು ಕೆಂಪು. ಮೂರನೇ ತಿಂಗಳ ಫೋಟೋದಲ್ಲಿ ಅದೇ ಕೆಂಪು ಉಬ್ಬಿ, ರೆಪ್ಪೆ ಅರ್ಧ ಇಳಿದಿರುತ್ತದೆ.

ಇದು ಹೆಮಾಂಜಿಯೋಮಾ, ರಕ್ತನಾಳಗಳ ಗಂಟು. ಕ್ಯಾನ್ಸರ್ ಅಲ್ಲ. ಗ್ರಹಣದ ಹೊತ್ತಲ್ಲಿ ತಾಯಿ ಮುಖ ಮುಟ್ಟಿಕೊಂಡಿದ್ದಕ್ಕೆ ಬಂದಿದ್ದೂ ಅಲ್ಲ. ಪಾಪ, ಆ ಮಾತು ಕೇಳಿಸಿಕೊಂಡೇ ಎಷ್ಟೋ ತಾಯಂದಿರು ಸೊರಗಿರುತ್ತಾರೆ.

"ತಾನಾಗೇ ಹೋಗುತ್ತೆ ಬಿಡಿ" ಅನ್ನೋದು ಸುಳ್ಳಲ್ಲ. ವರ್ಷ ತುಂಬಿದ ಮೇಲೆ ಬಹಳಷ್ಟು ಮಚ್ಚೆ ಕುಗ್ಗುತ್ತಾ ಹೋಗುತ್ತವೆ. ಬೆನ್ನ ಮೇಲೆ ಸಣ್ಣದೊಂದು ಇದ್ದರೆ ಕಾಯಬಹುದು. ಕಣ್ಣಿನ ಹತ್ತಿರ ಲೆಕ್ಕವೇ ಬೇರೆ. ಮಿದುಳು ನೋಡೋದನ್ನು ಕಲಿಯುವ ಕಾಲ ಅದು. ಗಂಟು ಪಾಪೆಗೆ ಅಡ್ಡ ಬಂದರೆ, ಇಲ್ಲವೇ ಗುಡ್ಡೆಯನ್ನು ಒತ್ತಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಆಕಾರ ಕೆಡಿಸಿದರೆ, ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ಸೋಮಾರಿ ಕಣ್ಣು ಅಂತೀವಲ್ಲ, ಅದು. ಆಮೇಲೆ ಗಂಟು ಕರಗಿದರೂ ನೋಟ ತಾನಾಗಿ ವಾಪಸ್ ಬರಲ್ಲ.

ಹಾಲು ಕುಡಿದು ಸಮಾಧಾನವಾದ ಮಗುವಿನ ಕಣ್ಣಿಗೆ ಕತ್ತಲೆ ಕೋಣೆಯಲ್ಲಿ ಕಣ್ಣಿನ ನಂಬರ್ ಅಳೆಯೋ ರೆಟಿನೋಸ್ಕೋಪ್ ಬೆಳಕು ಹಾಯಿಸುತ್ತೇನೆ. ಒಂದು ಕಣ್ಣಲ್ಲಿ ಹೊಳಪು ನೇರ ಸರಿಯುತ್ತದೆ. ಮಚ್ಚೆ ಇರುವ ಕಣ್ಣಲ್ಲಿ ಓರೆಯಾಗಿ ಜಾರಿದರೆ ನನಗೆ ಎದೆ ಧಸಕ್ ಅನ್ನುತ್ತೆ. ಗಂಟು ಆಗಲೇ ಒತ್ತುತ್ತಿದೆ, ಅಸ್ಟಿಗ್ಮಾಟಿಸಂ, ಅಂದರೆ ಕಾರ್ನಿಯಾ ಸೊಟ್ಟಗಾಗಿ ನೋಟ ಮಸುಕಾಗೋದು, ಶುರುವಾಗಿದೆ.

ಇದು ಜೋರಾಗಿ ಬೆಳೆಯೋದು ಮೊದಲ ಮೂರು ತಿಂಗಳಲ್ಲಿ, ಅದರಲ್ಲೂ 5ರಿಂದ 7ನೇ ವಾರದಲ್ಲಿ. ನಮ್ಮ ಕಡೆ ಆಗ ಬಾಣಂತಿ ತವರಲ್ಲಿ, ಮಗುವಿಗೆ ಹೊರಗಾಳಿ ಸೋಕಬಾರದು. ಆದರೂ ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಕರ್ಕೊಂಡು ಬಂದೇ ಬರ್ತಾರೆ ಅಲ್ವಾ? ಅವತ್ತೇ ರೆಪ್ಪೆ ನೋಡಿ ಕಳಿಸಿ ಅಂತ ಆಶಾ ಕಾರ್ಯಕರ್ತೆಯರಿಗೆ ಸಿಕ್ಕಾಗಲೆಲ್ಲ ಹೇಳುತ್ತೇನೆ.

ಬೇಗ ಬಂದರೆ, ಗಂಟು ತೆಳುವಾಗಿ ಮೇಲ್ಪದರದಲ್ಲಿದ್ದರೆ, ಟಿಮೊಲಾಲ್ ಹನಿಯನ್ನು ಮಚ್ಚೆ ಮೇಲೆ ಸವರಲು ಡಾಕ್ಟರು ಬರೆಯುತ್ತಾರೆ. ಆಳಕ್ಕೆ ಇಳಿದಿದ್ದರೆ ಅದು ಸಾಲದು, ಬಾಯಿಗೆ ಹಾಕೋ ಪ್ರೊಪ್ರನೊಲಾಲ್ ಔಷಧಿ ಬೇಕು. ಅದು ಈ ಗಂಟನ್ನು ಕುಗ್ಗಿಸುತ್ತೆ ಅಂತ 2008ರಲ್ಲಿ ಫ್ರಾನ್ಸಿನ ಬೋರ್ಡೋ ವೈದ್ಯರು ಬರೆದ ಮೇಲೆ ಚಿಕಿತ್ಸೆಯೇ ಬದಲಾಯಿತು.

ತೊಡಕು ಶುರುವಾಗೋದು ಮೆಡಿಕಲ್ ಶಾಪಲ್ಲಿ. "ಇದು ವಯಸ್ಸಾದವರ ಗ್ಲಾಕೋಮಾ ಹನಿ, ಕೂಸಿಗ್ಯಾಕೆ?" ಅಂತ ಕೇಳುತ್ತಾರೆ. ಮನೆಯವರು ಹೆದರಿ ಸುಮ್ನೆ ಬಿಟ್ಟುಬಿಡುತ್ತಾರೆ. ಆ ಪ್ರಶ್ನೆ ಬರುತ್ತೆ ಅಂತ ಈಗ ಮೊದಲೇ ಹೇಳಿ ಕಳಿಸುತ್ತೇನೆ. ಹೌದು, ಗ್ಲಾಕೋಮಾಗೆ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ, ಹಾಕೋ ಅದೇ ಹನಿ. ಹೇಳಿದ್ದಕ್ಕಿಂತ ಒಂದು ತೊಟ್ಟೂ ಜಾಸ್ತಿ ಬೇಡ, ಚರ್ಮದಿಂದ ರಕ್ತಕ್ಕೆ ಸೇರುತ್ತೆ. ತಿಂಗಳು ತುಂಬದೆ ಹುಟ್ಟಿದ ಮಗುವಾಗಿದ್ದರೆ, ಎದೆಯಲ್ಲಿ ಗುಯ್‌ಗುಟ್ಟಿದರೆ, ಹೃದಯದ ತೊಂದರೆ ಇದ್ದರೆ ಮುಂಚೆಯೇ ಹೇಳಿ. ಮಚ್ಚೆ ಹುಣ್ಣಾದರೆ ಹಚ್ಚೋದು ನಿಲ್ಲಿಸಿ ಬನ್ನಿ. ಹಾಲು ಬಿಟ್ಟು ಮಂಕಾಗಿ ಮಲಗಿದರೂ, ಉಸಿರು ಎಳೆದುಕೊಂಡರೂ ಅಷ್ಟೇ, ಬೆಳಗಾಗಲಿ ಅಂತ ಕೂರಬೇಡಿ.

ಬಣ್ಣ ಮಾಸಿದೆ ಅಂತ ಕೆಲವರು ಮತ್ತೆ ಬರೋದೇ ಇಲ್ಲ. ದಯವಿಟ್ಟು ಬನ್ನಿ. ಎರಡೂ ಕಣ್ಣಿನ ನಂಬರ್ ಮತ್ತೆ ನೋಡಬೇಕು. ಬೇಕಾದರೆ ಆ ಪುಟ್ಟ ಮುಖಕ್ಕೇ ಕನ್ನಡಕ ಕೊಡುತ್ತೇವೆ.