ಬಾಳೆಗುಳಿ ಕ್ರಾಸಿನಲ್ಲಿ ಎಡಕ್ಕೋ, ಬಲಕ್ಕೋ

ನಮ್ಮ ಧಾರವಾಡದಿಂದ ಸಮುದ್ರ ದೂರವೇನಲ್ಲ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದರೆ ಆಯ್ತು. ಆದರೂ ನಮ್ಮವ್ವ ಎಪ್ಪತ್ತೊಂದು ವರ್ಷ ಸಮುದ್ರ ನೋಡದೇ ಕಳೆದಳು. ಹುಬ್ಬಳ್ಳಿ-ಅಂಕೋಲಾ ರೈಲು ಆದಮೇಲೆ ಆರಾಮಾಗಿ ಹೋದರಾಯ್ತು ಅಂತ ಅಪ್ಪ ಹೇಳುತ್ತಿದ್ದ. ಆ ರೈಲು 1990ರ ದಶಕದಿಂದ ಕಾಗದದ ಮೇಲೇ ಓಡುತ್ತಿದೆ. ಅಪ್ಪ ಹೋಗಿಯೂ ಆರು ವರ್ಷವಾಯಿತು.

ಈ ಸಲ ದೀಪಾವಳಿ ರಜೆಗೆ ಹೋಗೋದು ಗಟ್ಟಿಯಾಯ್ತು. ಎಲ್ಲಿಗೆ ಅನ್ನೋದು ಮಾತ್ರ ಆಗಲಿಲ್ಲ. ನನಗೆ ಗೋಕರ್ಣ ಬೇಕಿತ್ತು. ದೇವರಿಗಲ್ಲ, ಸುಳ್ಳ್ಯಾಕೆ ಹೇಳಲಿ. ಕಾಲೇಜಿನಲ್ಲಿದ್ದಾಗ ಓಂ ಬೀಚಿನಿಂದ ಗುಡ್ಡದ ಅಂಚಿನ ಕಾಲುದಾರಿ ಹಿಡಿದು ಹಾಫ್ ಮೂನ್, ಪ್ಯಾರಡೈಸ್ ತನಕ ನಡೆದಿದ್ದೆ. ಅಲ್ಲಿಗೆ ಗಾಡಿ ರಸ್ತೆ ಇಲ್ಲ. ಕೆಳಗೆ ಕರಿಬಂಡೆಗೆ ಅಲೆ ಅಪ್ಪಳಿಸೋ ಸದ್ದು ಎದೆಯೊಳಗೇ ಕೇಳಿಸುತ್ತೆ. ಅದನ್ನ ಮಗಳಿಗೆ ತೋರಿಸಬೇಕಿತ್ತು. ಹೆಂಡತಿ ಕಾರವಾರ ಅಂದಳು. ಅಲ್ಲಿ ಕಾರಿನಿಂದ ಇಳಿದರೆ ಉಸುಕು, ಉಸುಕು ದಾಟಿದರೆ ನೀರು.

ಅವ್ವನನ್ನು ಕೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, ‘ನಾ ಸಮುದ್ರಾ ನೋಡಾಕ ಹೊಂಟೀನೋ, ಗುಡ್ಡಾ ಏರಾಕ ಹೊಂಟೀನೋ?’ ಅಂದಳು. ನಾನು ಸುಮ್ಮನಾದೆ. ಒಪ್ಪಿಕೊಂಡೆ ಅಂತ ಅಲ್ಲ, ದಾರಿಯಲ್ಲಿ ನೋಡೋಣ ಅಂತ.

ಯಲ್ಲಾಪುರದಲ್ಲಿ ಬುತ್ತಿ ಬಿಚ್ಚಿದೆವು. ಘಾಟ್ ಇಳಿಯುವಾಗ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಅಂಕೋಲಾ ಹತ್ತಿರ ಬಾಳೆಗುಳಿ ಕ್ರಾಸಿನಲ್ಲಿ ನಮ್ಮ ರಸ್ತೆ ಹೆದ್ದಾರಿ 66ಕ್ಕೆ ಕೂಡುತ್ತದೆ. ಎಡಕ್ಕೆ ಗೋಕರ್ಣ, ಬಲಕ್ಕೆ ಕಾರವಾರ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ‘ಓಂ ಬೀಚಿನಾಗ ಮೆಟ್ಟಲ ಅದಾವಬೇ, ಮೆಲ್ಲಗ ಇಳೀಬಹುದು’ ಅಂದೆ. ಅವ್ವ ಮಾತಾಡಲಿಲ್ಲ. ಹೆಂಡತಿ ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ಬಲಕ್ಕೆ ತಿರುಗಿಸಿದೆ. ಮುಖ ಸ್ವಲ್ಪ ಊದಿಸಿಕೊಂಡೇ ಇದ್ದೆ ಅನ್ನಿ.

ಕಾರವಾರದ ಟ್ಯಾಗೋರ್ ಬೀಚು ಹೆದ್ದಾರಿಗೇ ಅಂಟಿಕೊಂಡಿದೆ. ಪಕ್ಕದಲ್ಲೇ ಹಳೆಯ ಯುದ್ಧನೌಕೆ ‘ಚಪಲ್’ ಮ್ಯೂಸಿಯಂ ಆಗಿ ನಿಂತಿದೆ. ಎದುರಿಗೆ ಕೂರ್ಮಗಡದಂಥ ನಡುಗಡ್ಡೆಗಳು. ಅಲೆಗಳು ತಮ್ಮ ಸೊಕ್ಕನ್ನೆಲ್ಲ ಅಲ್ಲೇ ಕಳಕೊಂಡು ದಂಡೆಗೆ ಬರುವಂತೆ ಕಾಣುತ್ತಿತ್ತು. ನನಗೆ ಅದು ದೊಡ್ಡ ಕೆರೆಯಂಗೇ ಕಂಡಿತು.

ಅವ್ವ ಚಪ್ಪಲಿ ಬಿಟ್ಟು, ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಮುಂಗೈ ಹಿಡಿದಳು. ಮೊದಲ ಅಲೆ ಬೆರಳು ಮುಟ್ಟಿದ ಕೂಡಲೇ ಹಿಂದೆ ಸರಿದಳು. ಎರಡನೆಯದು ಹಿಮ್ಮಡಿ ಮುಳುಗಿಸಿ ವಾಪಸ್ ಹೋಗುವಾಗ ಕಾಲ ಕೆಳಗಿನ ಉಸುಕನ್ನೂ ಎಳಕೊಂಡು ಹೋಯಿತು. ‘ಯಪ್ಪಾ, ಭೂಮಿನ ಸರಿಯಾಕತ್ತೈತಲ್ಲೋ!’ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಅವಳ ಬೆರಳಿನ ಗುರುತು ನನ್ನ ಕೈ ಮೇಲೆ ಮೂಡಿತ್ತು. ಆಮೇಲೆ ನೀರನ್ನು ಕಣ್ಣಿಗೆ ಒತ್ತಿಕೊಂಡಳು, ಒಂದು ಹನಿ ನಾಲಿಗೆಗೂ ಇಟ್ಟಳು. ‘ಥೂ, ಖರೇನ ಉಪ್ಪೈತಿ.’ ಇಷ್ಟು ವರ್ಷ ನಾವೆಲ್ಲ ಸುಳ್ಳು ಹೇಳಿದ್ದೇವೆ ಅಂದುಕೊಂಡಿದ್ದಳೋ ಏನೋ.

ನನಗೆ ಒಂದು ತಾಸಿಗೇ ಬೇಜಾರಾಯಿತು. ಅವ್ವ ಮಾತ್ರ ಸಂಜೆ ತನಕ ಅಲುಗಾಡಲಿಲ್ಲ.

ಹೊತ್ತು ಮುಳುಗುವ ಮುಂದೆ ಉತ್ತರದ ಕಡೆ ಕೈ ಮಾಡಿ ಆ ಸೇತುವೆ ಯಾವುದು ಅಂತ ಕೇಳಿದಳು. ‘ಕಾಳಿ ನದೀದು. ಜೊತೆಗಿದ್ದ ಹಳೇದು 2024ರಾಗ ಕುಸಿದು ಬಿತ್ತು.’

‘ಕಾಳಿ ಇಲ್ಲಿ ಕೂಡ್ತಾಳ. ಮತ್ತ ನಮ್ಮ ಶಾಲ್ಮಲಾ?’

ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ. ಶ್ರಾವಣ ಸೋಮವಾರ ಅವ್ವ ತಪ್ಪದೇ ಹೋಗುವ ಗುಡಿ ಅದು. ಆ ನೀರು ಮುಂದೆ ಬೇಡ್ತಿಯಾಗಿ, ಘಟ್ಟ ಇಳಿದು ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ಸೇರೋದು ಅಂಕೋಲಾ ಮತ್ತು ಗೋಕರ್ಣದ ನಡುವೆ.

‘ಅದು ಆ ಕಡೆ ಬೇ. ನಾ ಹೇಳಿದ್ನಲ್ಲಾ, ಎಡಕ್ಕ, ಗೋಕರ್ಣದ ಹಾದಿಗೆ.’

ಅವ್ವ ನನ್ನ ಮುಖ ನೋಡಿದಳು. ‘ನೀ ಬಂಡಿಗಲ್ಲು, ಮೆಟ್ಟಲ ಅಂದಿ. ಶಾಲ್ಮಲಾ ಅಂದಿದ್ರ ಗುಡ್ಡಾನೂ ಏರ್ತಿದ್ನಲ್ಲೋ!’

ಹೆಂಡತಿ ನಕ್ಕು ನಕ್ಕು ಉಸುಕಿನ ಮೇಲೆ ಕೂತುಬಿಟ್ಟಳು.

ಮರುದಿನ ಬಾಳೆಗುಳಿಯಲ್ಲಿ ಊರಿನ ದಾರಿಗೆ ತಿರುಗದೇ ನೇರ ಮುಂದೆ ಹೋದೆವು. ಮಂಜುಗುಣಿ ಕಡೆಯ ದಂಡೆಯಲ್ಲಿ ಅವ್ವನನ್ನು ನಿಲ್ಲಿಸಿದೆ. ಅಗಲವಾದ ನದಿ, ಆಚೆ ದಂಡೆಯ ತೆಂಗಿನಮರ ಬೆರಳಿನಷ್ಟೇ ಕಾಣುತ್ತಿದ್ದವು. ಅವ್ವ ಬಹಳ ಹೊತ್ತು ಕೈ ಮುಗಿದುಕೊಂಡು ನಿಂತಿದ್ದಳು.

‘ಸೋಮೇಶ್ವರದಾಗ ಒಂದ ಚರಗಿ ಆಗೂವಷ್ಟ ಇರ್ತಾಳಲ್ಲೋ ಈಕಿ’ ಅಂದಳು.

ಓಂ ಬೀಚಿಗೆ ಹೋಗೋದು ಆಗಲಿಲ್ಲ. ಊಟದ ಹೊತ್ತಾಗಿತ್ತು, ಸಂಜೆಯೊಳಗೆ ಘಾಟ್ ಹತ್ತಬೇಕಿತ್ತು.