ಶೂಟಿಂಗಿನಲ್ಲೇ ಮೈಕ್ ಇರುವಾಗ ಮತ್ತೆ ಸದ್ದು ಮಾಡುವುದು ಎಂತಕ್ಕೆ?

ನಾನು ಸಿನಿಮಾಗಳಿಗೆ ಸದ್ದು ಜೋಡಿಸುವವನು. ಬದಿಯಡ್ಕದ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಇದೇ ಪ್ರಶ್ನೆ: "ಅಲ್ಲ ಭಾವ, ಶೂಟಿಂಗಿನಲ್ಲಿ ಮೈಕ್ ಇರ್ತದಲ್ಲ? ಮತ್ತೆ ನೀವು ಸ್ಟುಡಿಯೋದಲ್ಲಿ ಚಪ್ಪಲಿ ಸದ್ದು ಮಾಡುವುದು ಎಂತಕ್ಕೆ?"

ಮೈಕ್ ಇರುತ್ತದೆ, ಸರಿ. ಆದರೆ ಅದು ನಟರ ಬಾಯಿಯ ಕಡೆ ತಿರುಗಿರುತ್ತದೆ. ಮಾತನ್ನು ಹಿಡಿದು ಅಕ್ಕಪಕ್ಕದ್ದನ್ನು ಆದಷ್ಟು ಬಿಡುವುದೇ ಅದರ ಕೆಲಸ. ಸೀರೆಯ ಸರಸರ, ಲೋಟ ಕೆಳಗಿಟ್ಟ ಸದ್ದು ಎಲ್ಲ ಸಿಕ್ಕರೆ ಸಿಕ್ಕಿತು. ಎಷ್ಟೋ ಸಲ ಮಾತು ಕೆಡಬಾರದು ಅಂತ ನಟರ ಶೂ ಅಡಿಗೆ ಮೆತ್ತನೆಯ ಬಟ್ಟೆ ಅಂಟಿಸುತ್ತಾರೆ.

ಇನ್ನೊಂದು ಕಾರಣ ಡಬ್ಬಿಂಗ್. ಇದು ಕಾಸರಗೋಡಿನವರಿಗೆ ಬೇಗ ಅರ್ಥವಾಗಬೇಕು. ನಮ್ಮಲ್ಲಿ ಮಗ ಥಿಯೇಟರಿನಲ್ಲಿ ಮಲಯಾಳದಲ್ಲಿ ನೋಡಿದ ಸಿನಿಮಾವನ್ನೇ ಅಮ್ಮ ಟಿವಿಯಲ್ಲಿ ಕನ್ನಡದಲ್ಲಿ ನೋಡುತ್ತಾರೆ. ಶೂಟಿಂಗಿನ ಮೈಕಿನಲ್ಲಿ ಮಾತೂ ಹೆಜ್ಜೆಯೂ ಒಟ್ಟಿಗೇ ದಾಖಲಾಗಿರುತ್ತವೆ. ಮಲಯಾಳದ ಮಾತು ತೆಗೆದರೆ ಹೆಜ್ಜೆಯೂ ಹೋಯಿತು, ಬಾಗಿಲು ಹಾಕಿದ್ದೂ ಹೋಯಿತು. ಅದಕ್ಕೇ ಮಾತು ಬಿಟ್ಟು ಸಂಗೀತ ಮತ್ತು ಉಳಿದ ಸದ್ದು ಮಾತ್ರ ಇರುವ ಟ್ರ್ಯಾಕ್ ಬೇರೆಯೇ ತಯಾರಿಸುತ್ತೇವೆ. ಎಂ ಅಂಡ್ ಇ (ಮ್ಯೂಸಿಕ್ ಅಂಡ್ ಇಫೆಕ್ಟ್ಸ್) ಅನ್ನುತ್ತೇವೆ. ಅದರ ಮೇಲೆ ಯಾವ ಭಾಷೆಯನ್ನಾದರೂ ಕೂರಿಸಬಹುದು.

ಚಪ್ಪಲಿ ಸದ್ದಿನ ಈ ಕೆಲಸಕ್ಕೆ ಫೋಲಿ ಅಂತ ಹೆಸರು. ಯೂನಿವರ್ಸಲ್ ಸ್ಟುಡಿಯೋದಲ್ಲಿದ್ದ ಜ್ಯಾಕ್ ಫೋಲಿ 1920ರ ದಶಕದ ಕೊನೆಗೆ, ಟಾಕಿ ಸಿನಿಮಾ ಆಗಷ್ಟೇ ಬಂದಾಗ, ಪರದೆ ನೋಡುತ್ತಾ ಅದೇ ಲಯಕ್ಕೆ ಸದ್ದು ಮಾಡಲು ಶುರು ಮಾಡಿದರು. ಈಗಲೂ ಕ್ರಮ ಅದೇ. ಸ್ಟುಡಿಯೋದ ನೆಲದಲ್ಲಿ ಮಣ್ಣು, ಮರಳು, ಜಲ್ಲಿ, ಹಲಗೆ ಎಲ್ಲ ಬೇರೆ ಬೇರೆ ಚೌಕಗಳಲ್ಲಿ ಇರುತ್ತವೆ. ಚರ್ಮದ ಚೀಲಕ್ಕೆ ಕಾರ್ನ್‌ಫ್ಲೋರ್ ತುಂಬಿ ಅದುಮಿದರೆ ಹಿಮದಲ್ಲಿ ನಡೆದ ಸದ್ದು. ಸೆಲರಿ ದಂಟು ಮುರಿದರೆ ಮೂಳೆ ಮುರಿದ ಸದ್ದು. ಕುದುರೆ ಗೊರಸಿಗೆ ತೆಂಗಿನ ಗೆರಟೆ. ಅದಕ್ಕಂತೂ ನಮ್ಮಲ್ಲಿ ಬರವಿಲ್ಲ.

"ಹಾಗಾದ್ರೆ ಇದು ಮೋಸ ಅಲ್ವಾ?" ಅಂತ ಮುಂದಿನ ಪ್ರಶ್ನೆ. ಮಳೆಯನ್ನೇ ನೋಡಿ. ಅದು ಫೋಲಿ ಅಲ್ಲ, ಹೊರಗೆ ಹೋಗಿ ರೆಕಾರ್ಡ್ ಮಾಡುವಂಥದ್ದು. ಆದರೂ ಸುಮ್ನೆ ಬಯಲಲ್ಲಿ ಮೈಕ್ ಹಿಡಿದರೆ ಸಿಗುವುದು ಬರೀ 'ಶ್' ಅನ್ನುವ ಒಂದೇ ಸದ್ದು, ರೇಡಿಯೋ ಸ್ಟೇಷನ್ ಸಿಗದಾಗಿನ ಹಾಗೆ. ಮಳೆ ಯಾವುದರ ಮೇಲೆ ಬೀಳುತ್ತಿದೆ ಅನ್ನುವುದರಿಂದಲೇ ಕಿವಿ ಅದನ್ನು ಗುರುತಿಸುವುದು. ಹಂಚು, ಬಾಳೆ ಎಲೆ, ಸೌದೆಗೆ ಹೊದೆಸಿದ ಟಾರ್ಪಾಲು, ಇಷ್ಟನ್ನೂ ಬೇರೆ ಬೇರೆ ಹಿಡಿದು ಜೋಡಿಸಿದ ಮೇಲೆ ಅದು ನಮ್ಮ ಅಂಗಳದ ಮಳೆ. ನನ್ನ ತಕರಾರು ಇರುವುದು ಎಲ್ಲ ಊರಿಗೂ ರೆಡಿಮೇಡ್ ಸದ್ದುಗಳ ಲೈಬ್ರರಿಯ ಒಂದೇ ಮಳೆ ಹಾಕುವವರ ಮೇಲೆ. ಮಳೆಗಾಲದ ಆಟಿ ತಿಂಗಳ ರಾತ್ರಿ ತೋರಿಸಿ ಒಂದು ಕಪ್ಪೆಯೂ ಕೂಗದಿದ್ದರೆ ಕುಂಬಳೆಯವರು ನಂಬುತ್ತಾರಾ? ಮೋಸ ಅಂದರೆ ನನ್ನ ಪ್ರಕಾರ ಅದೇ ಜಾಸ್ತಿ.

ಡಬ್ ಆದ ಸಿನಿಮಾ ನೋಡುವಾಗ ಒಮ್ಮೆ ಮಾತು ಬಿಟ್ಟು ಹೆಜ್ಜೆ ಮಾತ್ರ ಕೇಳಿ. ಯಾರಾದರೂ ಬಾಯಿ ತೆರೆದ ಕೂಡಲೇ ಹೆಜ್ಜೆ, ಗಾಳಿ, ಪಾತ್ರೆ ಎಲ್ಲ ಮಾಯವಾದರೆ ನಿರ್ಮಾಪಕರು ಎಂ ಅಂಡ್ ಇ ಮಾಡಿಸುವಾಗ ದುಡ್ಡು ಉಳಿಸಿದ್ದಾರೆ ಅಂತ ಲೆಕ್ಕ.